ಹಣ್ಣಿನ ಕೋಣೆಯ ಕಳ್ಳ

ಮೃಗಾಲಯದಲ್ಲಿ ಚಿಂಪಾಂಜಿಗಳನ್ನು ನೋಡಿಕೊಳ್ಳುವವರು ಇಬ್ಬರು, ಚೆಲುವಯ್ಯ ಮತ್ತು ಮುದ್ದಣ್ಣ. ಕೆಲಸ ಖಾಯಂ ಆಗುವುದು ಒಬ್ಬನಿಗೇ ಎಂದು ಸಾಹೇಬರು ಹೇಳಿದ್ದರು. ಬೋನಿಗೆ ತಾಗಿದ ಕೋಣೆಯಲ್ಲಿ ಹಣ್ಣು ಕಳುವಾದಾಗಲೆಲ್ಲ ಚೆಲುವಯ್ಯನಿಗೆ ಮುದ್ದಣ್ಣನ ಮೇಲೆಯೇ ಗುಮಾನಿ.

"ನೀನು ತಿಂದು ನನ್ ತಲೆಗೆ ಕಟ್ತೀಯೇನೋ?" ಎಂದ ಚೆಲುವಯ್ಯ.

"ದಪ್ಪ ಆಯ್ತಿರೋದು ಯಾರ ಹೊಟ್ಟೆ ನೋಡ್ಕೋ, ಚೆಲುವಯ್ಯ!"

ಮಧ್ಯಾಹ್ನ ಚೆಲುವಯ್ಯ ಮರೆಯಲ್ಲಿ ಕಾದು ಕುಳಿತ. ತುತ್ತುತುತ್ತಿಗೂ ಕಿತ್ತಾಡುವ ಎರಡು ಚಿಂಪಾಂಜಿಗಳು ಸದ್ದಿಲ್ಲದೆ ಬಂದವು. ಗಂಡು ಗೋಡೆಗೆ ಆತು ನಿಂತಿತು. ಹೆಣ್ಣು ಅದರ ಹೆಗಲೇರಿ, ಕೋಣೆಯ ಕಿಟಕಿಯೊಳಗೆ ಕೈ ಚಾಚಿ, ಬಾಳೆಹಣ್ಣು ಕಿತ್ತು ಕೆಳಕ್ಕೂ ಕೊಟ್ಟಿತು, ತಾನೂ ತಿಂದಿತು.

ಚೆಲುವಯ್ಯ ನೆಟ್ಟಗೆ ಸಾಹೇಬರ ಬಳಿಗೆ ನಡೆದ.

"ಕಳ್ಳ ಯಾರೂಂತ ಗೊತ್ತಾಯ್ತೇನಯ್ಯ?"

"ದೇವರಾಣೆ ಸ್ವಾಮಿ, ಕಣ್ಣಾರೆ ಕಂಡೆ. ಮುದ್ದಣ್ಣನೇ."