ಗುಳ್ಳೆ ಏಳದ ನೀರು

ಮಳೆಯಲ್ಲಿ ಫೀನಾಲ್ ಎಂಬ ವಿಷ ಬೀಳತೊಡಗಿ ಹನ್ನೊಂದು ವರ್ಷವಾಗಿತ್ತು. ಈಗ ಅದರ ವಾಸನೆ ಯಾರ ಮೂಗಿಗೂ ತಿಳಿಯುತ್ತಿರಲಿಲ್ಲ. ಬೆಳಗ್ಗೆ ಎದ್ದವರು ಲೋಟದ ನೀರಿಗೆ ಒಂದು ಹನಿ ಫೆರಿಕ್ ಕ್ಲೋರೈಡ್ ಹಾಕಿ ನೋಡುತ್ತಿದ್ದರು. ನೇರಳೆ ಬಣ್ಣ ಬಂದರೆ ಆ ದಿನ ಕೊಡದ ನೀರೆಲ್ಲ ಮೋರಿಗೆ.

ವಾರ್ಡಿನ ನೀರು ಪರೀಕ್ಷಕಿ ವಾರಿಜಾ ಫೆರಿಕ್ ಕ್ಲೋರೈಡ್ ಬಾಟಲಿಗಳನ್ನು ಐದು ದಿನ ತಡವಾಗಿ ತಂದಳು. ಮೊದಲ ಮನೆಯ ದಾಕ್ಷಾಯಿಣಿ ಬಾಗಿಲಲ್ಲೇ ಸಿಕ್ಕಳು.

“ಈಗ ನೆನಪಾಯ್ತಾ ಅಕ್ಕ ನಮ್ಮ ಬೀದಿ? ನೀವು ಬರ್ಲಿಲ್ಲ ಅಂತ ನಾವೇನು ಬಾಯಾರಿ ಕೂತಿರ್ಲಿಲ್ಲ ಬಿಡಿ. ಅಡುಗೆ ಸೋಡಾ ಹಾಕಿ ನೋಡಿದ್ವಿ. ಒಂದು ಗುಳ್ಳೆನೂ ಏಳ್ಲಿಲ್ಲ.”

“ಸೋಡಾ ಹಾಕಿ ಅಂತ ಯಾರು ಹೇಳಿದ್ದು?”

“ನೀವೇ. ಬ್ಯಾಟರಿ ಕಾರ್ಖಾನೆ ಆಸಿಡ್ ಬಾವಿಗೆ ಬಂದಾಗ ತೋರಿಸ್ಕೊಟ್ರಲ್ಲ, ಆಸಿಡ್ ಇದ್ರೆ ನೊರೆ ಉಕ್ಕುತ್ತೆ ಅಂತ. ಈ ಫೀನಾಲೂ ಆಸಿಡ್ಡೇ ತಾನೆ?”

ಆಸಿಡ್ಡೇ. ಆದರೆ ಸೋಡಾದಿಂದ ಗುಳ್ಳೆ ಎಬ್ಬಿಸಲಾರದಷ್ಟು ದುರ್ಬಲ. ಅದನ್ನು ವಾರಿಜಾ ಅಂದು ಹೇಳಿರಲಿಲ್ಲ. ಹೇಳಬೇಕೆಂದು ತೋಚಿರಲಿಲ್ಲ.

ಅವಳು ಕೊಡದಿಂದ ಅರ್ಧ ಲೋಟ ನೀರು ತೆಗೆದು ಒಂದು ಹನಿ ಬಿಟ್ಟಳು. ನೀರು ಕಡು ನೇರಳೆಯಾಯಿತು.

ದಾಕ್ಷಾಯಿಣಿ ಲೋಟವನ್ನೇ ನೋಡುತ್ತ ನಿಂತಳು. “ಪಾಪು ನಿನ್ನೆಯಿಂದ ಹಾಲು ಕುಡೀತಿಲ್ಲ. ಬಾಯೆಲ್ಲ ಬೆಳ್ಳಗಾಗಿದೆ. ಹಲ್ಲು ಬರ್ತಿದೆ ಅಂದ್ಕೊಂಡೆ.”

“ಎತ್ಕೊಂಡು ಬಾ, ಆಸ್ಪತ್ರೆಗೆ ಹೋಗೋಣ. ಸೋಡಾ ವಿಷಯ ಬೇರೆ ಯಾರಿಗಾದ್ರೂ ಹೇಳಿದ್ಯಾ?”

“ನಾನೇನು ಹೇಳೋದು ಅಕ್ಕ? ಅವತ್ತು ಬೀದಿಗೆಲ್ಲ ನೀವೇ ಕಲಿಸಿದ್ರಲ್ಲ.”

ವಾರಿಜಾ ಬೀದಿಯತ್ತ ತಿರುಗಿದಳು. ಐದು ದಿನ ಕಳೆದಿದ್ದರೂ ಬಾಟಲಿ ಕೇಳಲು ಯಾವ ಬಾಗಿಲಲ್ಲೂ ಯಾರೂ ನಿಂತಿರಲಿಲ್ಲ.