ಕೈಗೆ ಬಂದದ್ದು

ರಾಯಾ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ತಡಕಾಡಿ, ಸಿಕ್ಕಿದ್ದನ್ನು ಹೊರಗೆಳೆದಳು. ಬೆರಳುದ್ದದ ಕಪ್ಪು ತುಂಡು, ಒಣಗಿದ ಚರ್ಮದಂತೆ ಸುಕ್ಕುಗಟ್ಟಿತ್ತು. ವಾಸನೆ ತರಗತಿಗೆಲ್ಲ ಹಬ್ಬಿತು.

“ಜೊಂಗೂ!” ಹಮಾದಿ ಮೂಗು ಮುಚ್ಚಿಕೊಂಡ. “ನನಗೆ ಲವಂಗ, ನಿನಗೆ ಇದು. ಇದನ್ನ ಹಿಡ್ಕೊಂಡು ಮನೆಗೆ ಹೋದ್ರೆ ಬೆಕ್ಕು ಕೂಡ ಹತ್ತಿರ ಸೇರಿಸಲ್ಲ ನೋಡು.”

ಒಣಗಿಸಿದ ಕಡಲಸೌತೆ, ಕಡಲತಳಕ್ಕೆ ಮುಳುಗಿ ಹಿಡಿಯುವ ಜೀವಿ. ಪೆಂಬಾ ದ್ವೀಪದಲ್ಲಿ ಅದನ್ನು ತಿನ್ನುವವರಿಲ್ಲ. ಹಾಂಗ್‌ಕಾಂಗಿನಲ್ಲಿ ಅದು ಮದುವೆಯ ಊಟ. ಕದ್ದು ಹಿಡಿಯುವವರಿದ್ದಾರೆಂದು ಊರಿಗೆಲ್ಲ ಗೊತ್ತಿತ್ತು. ಯಾರೆಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಮೇಷ್ಟರು ಫಾಕಿಯ ಮುಖ ಕಳೆಗುಂದಿತು. “ಬೇಡವಾದ್ರೆ ಒಳಗೆ ಹಾಕಮ್ಮ. ಇನ್ನೊಂದು ಸಲ ತೆಗಿ.”

“ಕೈಗೆ ಬಂದದ್ದು ಬಂತು, ಮೇಷ್ಟ್ರೇ. ಕಡಲು ಕೊಟ್ಟದ್ದು ಇದರಲ್ಲಿದೆ, ಸಿಕ್ಕಿದ್ದೇ ನಿನ್ನ ಪಾಲು ಅಂದವರು ನೀವೇ.”

ಫಾಕಿ ಚೀಲದ ಬಾಯಿ ಬಿಗಿದು ಕಟ್ಟಿದ.

ವೇಟೆ ಪಟ್ಟಣದ ಆ ಕಾಲೇಜಿನಲ್ಲಿ ಅವನು ಕಲಿಸುತ್ತಿದ್ದುದು ದೇಶದೇಶಗಳ ನಡುವಿನ ವ್ಯಾಪಾರದ ಜಾಡು ಹಿಡಿಯುವುದನ್ನು, ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದಾದ ಅಂಕಿಗಳಿಂದ. ಉಳಿದವರೆಲ್ಲ ವರದಿ ಬರೆಯಲು ತಂತಮ್ಮ ಸರಕು ಆರಿಸಿಕೊಂಡಾಗಿತ್ತು. ಆಗ ರಾಯಾ ಬಂದಿರಲಿಲ್ಲ, ಅವಳಿಗೆಂದು ಫಾಕಿ ಈ ಚೀಲ ತಂದಿದ್ದ. ಅವಳ ತಮ್ಮ ಬಕಾರಿ ತೀರಿಕೊಂಡಿದ್ದ.

ಲವಂಗದ ಮರದಿಂದ ಬಿದ್ದ ಎಂದು ಮಕಾಮೆಯ ಆಳುಗಳು ಹೆಣ ತಂದು ಇಳಿಸಿದ್ದರು. ಮಕಾಮೆ ಕಡಲಪಾಚಿಯ ವ್ಯಾಪಾರಿ. ಬಕಾರಿ ಅವನ ಬಳಿ ಕೆಲಸಕ್ಕಿದ್ದ. ಫಾಕಿಗೆ ಮಕಾಮೆ ಒಡಹುಟ್ಟಿದ ಅಣ್ಣ. ಹೆಣದ ಮೈ ತೊಳೆದವನು ಫಾಕಿ. ಕೇರಿಯಲ್ಲಿ ಆ ಕೆಲಸ ಅವನ ತಂದೆಯಿಂದ ಅವನಿಗೆ ಬಂದದ್ದು, ಅದರ ನೇಮದೊಡನೆ. ತೊಳೆಯುವವನು ಕಂಡದ್ದು ಅವನಲ್ಲೇ ಉಳಿಯಬೇಕು. ಬಾಯಿಗೆ ಬರಕೂಡದು, ಬರಹಕ್ಕೂ ಬರಕೂಡದು.

“ನಮ್ಮ ದೇಶದ ಲೆಕ್ಕದಲ್ಲಿ ಜೊಂಗೂ ಸೊನ್ನೆ, ಮೇಷ್ಟ್ರೇ,” ಎಂದಳು ರಾಯಾ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. “ಒಂದು ಕಿಲೋನೂ ಹೊರಗೆ ಹೋಗಿಲ್ಲ.”

“ಬೇಕಾದ್ರೆ ಇಲ್ಲಿಗೇ ನಿಲ್ಲಿಸಬಹುದು.”

“ಕಳಿಸಿದವರ ಲೆಕ್ಕ ನೋಡಿದ ಮೇಲೆ ಪಡೆದವರ ಲೆಕ್ಕ ನೋಡ್ಬೇಕು ಅಂತ ಮೊದಲ ಪಾಠದಲ್ಲೇ ಹೇಳಿದ್ರಲ್ಲ?”

“ಹೇಳಿದ್ದೆ,” ಎಂದ ಫಾಕಿ. ದನಿ ಕುಗ್ಗಿತ್ತು.

ಹಾಂಗ್‌ಕಾಂಗಿನ ಲೆಕ್ಕ ತೆರೆದುಕೊಂಡಿತು. ಇಲ್ಲಿಂದ ಹೋಗದ ಜೊಂಗೂ ಅಲ್ಲಿ ರಾಶಿರಾಶಿಯಾಗಿ ಇಳಿದಿತ್ತು. ರಾಯಾ ಒಂದೊಂದೇ ಸರಕು ನೋಡುತ್ತ ಹೋದಳು. ಪಾಚಿಗೆ ಬಂದಾಗ ಅವಳ ಕೈ ನಿಂತಿತು. ಇಲ್ಲಿಂದ ಕಳಿಸಿದ್ದೇವೆ ಎಂದ ಪಾಚಿಯಲ್ಲಿ ಎಷ್ಟು ಅಲ್ಲಿಗೆ ಮುಟ್ಟಿರಲಿಲ್ಲವೋ, ಅಷ್ಟೇ ತೂಕದ ಜೊಂಗೂ ಮುಟ್ಟಿತ್ತು. ಪ್ರತಿ ತಿಂಗಳೂ ಹಾಗೆಯೇ.

“ಅಲ್ಲಿಗೆ ಪಾಚಿ ಕಳಿಸೋರು...” ಎಂದು ಬಾಯಿ ತೆರೆದ ಹಮಾದಿ ಫಾಕಿಯತ್ತ ನೋಡಿ ತನ್ನ ಲವಂಗದ ಲೆಕ್ಕಕ್ಕೆ ತಿರುಗಿಕೊಂಡ. ಕಳಿಸುವವನು ಇಡೀ ದ್ವೀಪದಲ್ಲಿ ಒಬ್ಬನೇ.

ಸುದ್ದಿ ಸಂಜೆಯೊಳಗೆ ಮುಟ್ಟಬೇಕಾದಲ್ಲಿಗೆ ಮುಟ್ಟಿತು. ನಮಾಜು ಮುಗಿಸಿ ಕಾಫಿ ಕಟ್ಟೆಗೆ ಬಂದ ಮಕಾಮೆ ತಮ್ಮನ ಪಕ್ಕದಲ್ಲಿ ಕುಳಿತ.

“ಆ ಹುಡುಗಿಗೆ ಬೇರೆ ಏನಾದ್ರೂ ಕೊಡು.”

“ನಾನು ಕೊಟ್ಟದ್ದಲ್ಲ, ಅಣ್ಣ. ಅವಳ ಕೈಗೆ ಬಂದದ್ದು. ತರಗತಿಯವರೆಲ್ಲ ನೋಡಿದ್ದಾರೆ.”

“ಹಾಳಾದ ಅದೃಷ್ಟ.” ಮಕಾಮೆ ಬಟ್ಟಲಿನ ಗಸಿಯನ್ನು ನೆಲಕ್ಕೆ ಚೆಲ್ಲಿದ. “ಅವಳು ವರದಿ ಓದುವ ದಿನ ನಾನೇ ಬರ್ತೀನಿ. ಅವಳು ದಾರಿ ತಪ್ಪಿದರೆ ನೀನು ತಡೆ. ಮೇಷ್ಟ್ರು ನೀನಲ್ವಾ?”

“ಅಣ್ಣ, ಆ ಹುಡುಗನ ಕಿವಿಯಲ್ಲಿ...”

“ತೊಳೆದವನು ಆಡಬಾರದು. ನಿನಗೆ ನಾನು ಹೇಳಿಕೊಡಬೇಕಾ? ಅಪ್ಪನ ಜೊತೆ ಬಿಂದಿಗೆ ಹಿಡಿದವನು ನೀನು.”

ಫಾಕಿ ತಲೆ ತಗ್ಗಿಸಿದ. ಹುಡುಗನ ಕಿವಿಯಲ್ಲಿ ಕಡಲತಳದ ಬಿಳಿ ಮರಳು ತುಂಬಿತ್ತು. ಮೈಯಲ್ಲಿ ಒಂದು ಮೂಳೆಯೂ ಮುರಿದಿರಲಿಲ್ಲ. ಎಷ್ಟು ನೀರು ಹೊಯ್ದರೂ ಮರಳು ಬರುತ್ತಲೇ ಇತ್ತು. ಈಗಲೂ ಬೆಳಗಿನ ಪ್ರಾರ್ಥನೆಗೆ ಕೈಕಾಲು ತೊಳೆಯುವಾಗ ಬೆರಳ ಸಂದಿಯಲ್ಲಿ ಅದು ಸಿಕ್ಕಂತಾಗುತ್ತಿತ್ತು. ಬಕಾರಿಯ ಜಾಗಕ್ಕೆ ಮಕಾಮೆ ಆಗಲೇ ಬೇರೆ ಹುಡುಗರನ್ನು ಕಡಲಿಗೆ ಇಳಿಸಿದ್ದ.

ವರದಿ ಓದುವ ದಿನ ಮಕಾಮೆ ಮುಂದಿನ ಸಾಲಿನಲ್ಲಿ, ಜಿಲ್ಲೆಯ ಅಧಿಕಾರಿಯ ಪಕ್ಕದಲ್ಲೇ ಕುಳಿತಿದ್ದ. ಹಿಂದೆ ಹೆಂಗಸರ ನಡುವೆ ರಾಯಾಳ ತಾಯಿ. ರಾಯಾ ಜೊಂಗೂ ಎಂದಳು, ಪಾಚಿ ಎಂದಳು. ಎರಡರ ತೂಕ ಓದಿದಳು. ಮಕಾಮೆ ತಮ್ಮನತ್ತ ತಿರುಗಿದ. ಫಾಕಿಯ ತುಟಿ ಅಲುಗುತ್ತಿತ್ತು. ಬಾಲ್ಯದಲ್ಲಿ ಕಂಠಪಾಠ ಮಾಡಿದ ಯಾವುದೋ ಸ್ತುತಿ, ಅಷ್ಟೇ. ತಡೆಯಲು ಅವನು ಏಳಲಿಲ್ಲ.

“ಇನ್ನೊಂದಿದೆ,” ಎಂದಳು ರಾಯಾ. “ನನ್ನ ತಮ್ಮ ಸತ್ತ ತಿಂಗಳು ಇಲ್ಲಿ ಲವಂಗದ ಕೊಯ್ಲೇ ಇರಲಿಲ್ಲ. ಹಮಾದಿಯ ಲೆಕ್ಕದಲ್ಲಿದೆ, ನೋಡಿ. ಮೊಗ್ಗಿಲ್ಲದ ಮರ ಅವನು ಯಾಕೆ ಹತ್ತಿದ? ಜೊಂಗೂ ಎಲ್ಲಕ್ಕಿಂತ ಹೆಚ್ಚು ಹೋದದ್ದು ಅದೇ ತಿಂಗಳು.”

ಹಿಂದೆ ತಾಯಿ ಎದ್ದು ನಿಂತಳು. ಅಧಿಕಾರಿ ಕುರ್ಚಿಯನ್ನು ಮಕಾಮೆಯ ಕಡೆಗೆ ತಿರುಗಿಸಿಕೊಂಡು, “ನಿಮ್ಮ ಗೋದಾಮಿನ ಬೀಗದ ಕೈ ತರಿಸಿ,” ಎಂದ.

ಹೊರಡುವಾಗ ಮಕಾಮೆ ತಮ್ಮನ ಮುಂದೆ ನಿಂತ. “ನೀನು ಹೇಳಿದೆಯಾ ಅವಳಿಗೆ?”

“ಒಂದು ಮಾತೂ ಆಡಿಲ್ಲ, ಅಣ್ಣ. ಒಂದಕ್ಷರ ಬರೆದಿಲ್ಲ.”

ಮಕಾಮೆ ನಂಬಿದ. ಫಾಕಿ ಸುಳ್ಳಾಡುವವನಲ್ಲ ಎಂದು ಅವನಿಗೆ ಗೊತ್ತಿತ್ತು.

ಸಂಜೆ ಫಾಕಿ ಒಬ್ಬನೇ ದಂಡೆಗೆ ಹೋದ. ನೇಮ ಉಳಿಯಿತೋ ಮುರಿಯಿತೋ, ಕೇಳಲು ಅಪ್ಪನಿರಲಿಲ್ಲ. ಮೊಣಕಾಲುದ್ದ ನೀರಿಗಿಳಿದು, ರಾಯಾ ಕೈ ಹಾಕಿದ್ದ ಚೀಲದ ಗಂಟು ಬಿಚ್ಚಿ, ತಲೆಕೆಳಗು ಮಾಡಿ ಕೊಡವಿದ.

ಒಂದಾದ ಮೇಲೊಂದು ನೀರಿಗೆ ಬಿದ್ದವು, ಬರೀ ಜೊಂಗೂಗಳು.