ಮಾತಾಡದ ಆ್ಯಪ್, ಮೂರನೇ ಸಾಲು

ಆಸ್ಪತ್ರೆಯ ಹಾಲ್‌ನಲ್ಲಿ ನಲವತ್ತು ಜನ ಕೂತಿದ್ದರು... ಫೋನ್ ಮಾತ್ರ ಮಾತಾಡಲಿಲ್ಲ.

ಓದಲು ಬಾರದ ರೋಗಿಗಳಿಗಾಗಿ ಮಾಡಿದ ಆ್ಯಪ್ ಅದು. ಯಾವ ಹೊತ್ತಿಗೆ ಯಾವ ಗುಳಿಗೆ ಅಂತ ಬಾಯಿಬಿಟ್ಟು ಹೇಳಬೇಕಿತ್ತು.

ಮುಂದಿನ ಸಾಲಿನ ಗಂಗವ್ವ ಫೋನನ್ನು ಕಿವಿಗೆ ಹಚ್ಚಿಕೊಂಡು ಕಾದಳು. ಹಿಂದಿನ ತಿಂಗಳು ಸಕ್ಕರೆ ಕಾಯಿಲೆಯ ಗುಳಿಗೆ ಎರಡೆರಡು ಸಲ ನುಂಗಿ ಬಿದ್ದವಳು ಆಕೆ.

"ಇದು ಮಾತಾಡವಲ್ದಲ್ಲ ತಮ್ಮಾ..." ಅಂದಳು.

ಗೋಡೆಗೆ ಒರಗಿ ನಿಂತಿದ್ದ ಫಕೀರೇಶ ನೆಟ್ಟಗಾದ. ಆ್ಯಪಿನೊಳಗಿನ ದನಿ ಅವನದೇ.

ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು, ಮೈಕ್‌ಸೆಟ್ ಅಂಗಡಿಯಲ್ಲಿ ದುಡಿದು, ದನಿ ಹಿಡಿಯುವುದು, ಕತ್ತರಿಸುವುದು ಎಲ್ಲ ಕಲಿತು ಹುಬ್ಬಳ್ಳಿಯ ಈ ಸಣ್ಣ ಆಫೀಸು ಸೇರಿದ್ದ. ಒಂದು ತಿಂಗಳು ಗಂಟಲು ಹರಿದುಕೊಂಡು ರೆಕಾರ್ಡ್ ಮಾಡಿದ್ದ. ಅವನ ಕಂಪ್ಯೂಟರಿನಲ್ಲಿ ಆ್ಯಪ್ ಚೆನ್ನಾಗಿಯೇ ಮಾತಾಡುತ್ತಿತ್ತು...

ಬೇರೆ ಯಾರ ಹತ್ತಿರವೂ ಮಾತಾಡಲಿಲ್ಲ!

ಆಫೀಸಿಗೆ ಬಂದ ಮೇಲೆ ಅಲ್ಲಿನ ಯಜಮಾನರು, ಎಲ್ಲರೂ ಸರ್ ಅನ್ನುವವರು, ಮಾತು ಬೆಳೆಸಲಿಲ್ಲ. ಇದು ಮೂರನೇ ಸಲ, ದನಿಯ ಫೈಲು ಕಳಿಸಿದೆ ಅಂತೀಯ, ಒಂದೂ ಬಂದಿಲ್ಲ, ಸಂಜೆಯೊಳಗೆ ಬರದಿದ್ದರೆ ನಾಳೆಯಿಂದ ನೀನೂ ಬರಬೇಡ ಅಂದರು. ಓದಿದವರನ್ನೇ ತಗೋಬೇಕಿತ್ತು ಅಂತ ಗೊಣಗಿದ್ದೂ ಅವನ ಕಿವಿಗೆ ಬಿತ್ತು.

ಫಕೀರೇಶನ ತಲೆಗೆ ರಕ್ತ ಏರಿತು. ಎಲ್ಲರ ಫೈಲುಗಳನ್ನೂ ಒಂದೇ ಕಡೆ ಕೂಡಿಡುವ ಗಿಟ್ ಅನ್ನುವ ತಂತ್ರಾಂಶದಲ್ಲಿ ಎಲ್ಲರ ಕೆಲಸ ಒಂದುಗೂಡಿಸುತ್ತಿದ್ದವರು ಶೈಲಾ ಮೇಡಂ. ಅಳಿಸಿದರೆ ಅವರೇ ಅಳಿಸಿರಬೇಕು... ಸೀದಾ ಅವರ ಟೇಬಲ್ಲಿಗೆ ಹೋಗಿ, ಎಲ್ಲರ ಎದುರಿಗೇ ಅಂದುಬಿಟ್ಟ.

"ನನ್ನ ದನಿ ನಿಮಗ ಹಿಡಸಂಗಿಲ್ಲ ಅಂದ್ರ ನೇರ ಹೇಳ್ರಿ ಮೇಡಂ. ಹಿಂದಿಂದ ಅಳಸಬ್ಯಾಡ್ರಿ."

ಎಲ್ಲರೂ ತಲೆಯೆತ್ತಿ ನೋಡಿದರು.

ಮೇಡಂ ಮುಖ ಸಪ್ಪಗಾಯಿತು, ಆದರೆ ಎದ್ದು ಬಂದರು. "ನಿನ್ನ ಮಷೀನ್ಯಾಗ ನೋಡೋಣ ನಡಿ. ಬೈಯೋದು ಆಮ್ಯಾಲ ಬೈಯುವಂತಿ."

ಗಿಟ್‌ನಲ್ಲಿ ಇಗ್ನೋರ್ ಪಟ್ಟಿ ಅಂತ ಒಂದಿರುತ್ತದೆ. ಅದರಲ್ಲಿ ಬರೆದ ಫೈಲುಗಳನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲ. ಎಲ್ಲ ಸೇರಿಸು ಅಂದರೆ ಅವನ್ನು ಬಿಟ್ಟು ಉಳಿದದ್ದನ್ನು ಸೇರಿಸುತ್ತದೆ... ಬಿಟ್ಟೆ ಅಂತ ಬಾಯಿ ಬಿಡುವುದೂ ಇಲ್ಲ.

ಮೇಡಂ ಆ್ಯಪಿನ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು. ದನಿ ಫೈಲಿನ ಸುದ್ದಿಯೇ ಇರಲಿಲ್ಲ.

ಫಕೀರೇಶ ಕಹಿಯಾಗಿ ನಕ್ಕ. ನಾನು ಹೇಳಲಿಲ್ಲವೇ ಅನ್ನುವ ನಗೆ.

ಆಗ ಮೇಡಂ ಇನ್ನೊಂದು ಆಜ್ಞೆ ಟೈಪ್ ಮಾಡಿದರು. ಈ ಫೈಲನ್ನು ಯಾಕೆ ಬಿಟ್ಟೆ, ಯಾರ ಮಾತು ಕೇಳಿ ಬಿಟ್ಟೆ ಅಂತ ಗಿಟ್ ಅನ್ನೇ ಕೇಳುವ ಆಜ್ಞೆ.

ಒಂದೇ ಸಾಲಿನ ಉತ್ತರ ಬಂತು.

ಈ ಕಂಪ್ಯೂಟರಿನೊಳಗೇ ಇದ್ದ ಬೇರೊಂದು ಪಟ್ಟಿಯ ವಿಳಾಸ. ಅದರ ಮೂರನೇ ಸಾಲು. ಆ ಸಾಲಿನ ನಿಯಮ... ದನಿಯ ಫೈಲು ಯಾವುದೇ ಇರಲಿ, ಬಿಟ್ಟುಬಿಡು.

ಆ ಪಟ್ಟಿ ಆ್ಯಪಿನದಲ್ಲ. ಮೇಡಂ ಅವರದೂ ಅಲ್ಲ.

ವಿಳಾಸದ ನಡುವೆ ಫಕೀರೇಶನ ಹೆಸರಿತ್ತು!

ಅವನು ಆ ಸಾಲನ್ನು ಇನ್ನೊಮ್ಮೆ ಓದಿದ. ಎಲ್ಲ ನೆನಪಾಯಿತು...

ಕೆಲಸಕ್ಕೆ ಸೇರಿದ ವಾರವೇ ಇಂಗ್ಲಿಷ್ ಕಲಿಯಬೇಕೆಂದು ತಾನು ಓದಿದ್ದನ್ನೇ ರೆಕಾರ್ಡ್ ಮಾಡಿಕೊಂಡಿದ್ದ. ಗೊತ್ತಾಗದೆ ಅದು ಗಿಟ್‌ಗೆ ಸೇರಿ ಎಲ್ಲರಿಗೂ ಹೋಗಿತ್ತು. ಮರುದಿನ ಚಹಾದ ಹೊತ್ತಿಗೆ ಯಾರೋ ಸ್ಪೀಕರಿಗೆ ಹಾಕಿದರು. ನಕ್ಕಿದ್ದೇ ನಕ್ಕಿದ್ದು... ಸರ್ ಕೂಡ ನಕ್ಕರು.

ಅವತ್ತೇ ಹಲ್ಲು ಕಚ್ಚಿಕೊಂಡು ಆ ಸಾಲು ಬರೆದಿದ್ದ. ಇನ್ನು ಮೇಲೆ ನನ್ನ ದನಿ ಈ ಕಂಪ್ಯೂಟರಿನಿಂದ ಆಚೆ ಹೋಗಕೂಡದು ಅಂತ. ಬರೆದು ಮರೆತಿದ್ದ. ಗಿಟ್ ಮರೆತಿರಲಿಲ್ಲ.

ಮೇಡಂ ಮೆಲ್ಲಗೆ, ಸಾಲು ಅಳಿಸಿ ಕಳಿಸಿಬಿಡು, ನಾನು ಯಾರಿಗೂ ಹೇಳುವುದಿಲ್ಲ ಅಂದರು.

ಈಗಷ್ಟೇ ಎಲ್ಲರೆದುರು ಕಳ್ಳಿ ಮಾಡಿದ್ದು ಇದೇ ಹೆಣ್ಣುಮಗಳನ್ನು...

ಅವನು ಸಾಲು ಅಳಿಸಿದ. ಎದ್ದು ಆಫೀಸಿನ ನಡುವೆ ನಿಂತ.

"ಮೇಡಮ್ಮಾರದು ಏನೂ ತಪ್ಪಿಲ್ರಿ. ನೀವೆಲ್ಲ ನಕ್ಕಿದ್ರಿ, ನಾ ನನ್ನ ದನಿಗೆ ನಾನ ಬೀಗ ಹಾಕಿದ್ನಿ. ಆ ಅವ್ವನ ಫೋನು ಮಾತಾಡಲಿಲ್ಲ ನೋಡ್ರಿ... ಅದು ನನ್ನಿಂದ."

ಯಾರೂ ನಗಲಿಲ್ಲ. ಸರ್ ತಲೆ ತಗ್ಗಿಸಿದರು. ಅವತ್ತು ಸ್ಪೀಕರಿಗೆ ಹಾಕಿದ್ದು ನಾನೇ ಅಂದರು, ಮೆಲ್ಲಗೆ.

ಫಕೀರೇಶನಿಗೆ ಇದು ಇನ್ನೊಂದು ಪೆಟ್ಟು. ಸಿಟ್ಟು ಇಳಿಯಿತು ಅಂತ ಹೇಳಿದರೆ ಸುಳ್ಳಾದೀತು. ಅದನ್ನು ಹಾಗೇ ಇಟ್ಟುಕೊಂಡು ಕೂತು ಫೈಲು ಕಳಿಸಿದ. ಈ ಸಲ ಎಲ್ಲವೂ ಹೋದವು.

ಮರುದಿನ ಆಸ್ಪತ್ರೆಯಲ್ಲಿ ಗಂಗವ್ವ ಮತ್ತೆ ಫೋನನ್ನು ಕಿವಿಗೆ ಹಚ್ಚಿಕೊಂಡಳು.

"ಅವ್ವಾರ, ಬಿಳೀ ಗುಳಿಗಿ ಒಂದ ತಗೋರಿ. ಊಟ ಆದಮ್ಯಾಲ."

ಗಂಗವ್ವನ ಮುಖ ಅರಳಿತು. ಪಕ್ಕದಲ್ಲೇ ನಿಂತ ಹುಡುಗನ ದನಿ ಅದು ಅಂತ ಆಕೆಗೇನು ಗೊತ್ತು? ಫೋನಿಗೇ ಉತ್ತರ ಕೊಟ್ಟಳು...

"ಆತು ನನ್ನಪ್ಪಾ, ಒಂದ ತಗೋತೀನಿ. ನೀ ಉಂಡಿ ಏನು?"

ಫಕೀರೇಶ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡ.

*ನಕ್ಕವರು ಒಂದು ದಿನ ನಕ್ಕು ಮರೆಯುತ್ತಾರೆ... ಅವರಿಗೆ ಹೆದರಿ ನಾವು ಹಾಕಿಕೊಂಡ ಬೀಗವನ್ನು ನಾವೇ ತೆಗೆಯಬೇಕು.*

ಯಾರೋ ನಕ್ಕರು ಅಂತ ನೀವು ಬರೆದುಕೊಂಡು ಮರೆತ ಸಾಲು ಯಾವುದು? ಅದರಿಂದ ಇವತ್ತು ಯಾರ ಕಿವಿಗೆ ನಿಮ್ಮ ದನಿ ತಲುಪುತ್ತಿಲ್ಲ?